ಪುಟ ಮೂರರ ಒಪ್ಪೋಲೆ

ಮಾರ್ಚ್ 4, ಸೋಮವಾರ

ಈ ಡೈರಿ ಯಾರಿಗೂ ಬೇಡವಾದದ್ದು. ಫೆಬ್ರವರಿಯ ಹದಿನಾರು ಪುಟ ತಲೆಕೆಳಗಾಗಿ ಹೊಲಿದುಹೋಗಿದೆ ಎಂದು ಕೆಳಗಿನ ಬೈಂಡಿಂಗ್ ಅಂಗಡಿಯವರು ಪಕ್ಕಕ್ಕೆ ಎಸೆದಿದ್ದರಂತೆ. ಅತ್ತೆ ತಂದುಕೊಟ್ಟರು. "ಬರೆಯೋಕೆ ಬರುತ್ತೆ ತಗೋ. ನನ್ನ ಮೇಲೆ ಕಾರೋದನ್ನ ಇದರ ಮೇಲೆ ಕಾರು" ಅಂದರು. ಆಯಿತು, ಕಾರುತ್ತೇನೆ. ಅಚ್ಚಾದ ತಾರೀಖು ನನಗೆ ಬೇಡ, ನನ್ನದೇ ಹಾಕಿಕೊಳ್ಳುತ್ತೇನೆ.

ಮೊದಲು ಆ ಸದ್ದು. ಹಾಳೆಯ ಮಡಿಕೆಯ ಮೇಲೆ ಬಿದಿರು ಪಟ್ಟಿ ಎಳೆಯುವ ಸದ್ದು. ಸರ್ರ್, ತಿರುಗಿಸು, ಸರ್ರ್, ತಿರುಗಿಸು. ಬೆಳಿಗ್ಗೆ ಆರಕ್ಕೆ ಶುರುವಾದರೆ ದೀಪ ಹಚ್ಚುವವರೆಗೆ. ನಮ್ಮದು ಎರಡು ಕೋಣೆಯ ಮನೆ, ಅದರಲ್ಲಿ ಒಂದು ಕೋಣೆ ಹಾಳೆಯ ಕಟ್ಟುಗಳದ್ದು, ಇನ್ನೊಂದು ಕೋಣೆ ನಮ್ಮ ನಾಲ್ವರದ್ದು. ಸೈರನ್‌ಗೆ ಏಳು ತಿಂಗಳು. (ಮಗಳಿಗೆ ಆ ಅಡ್ಡಹೆಸರಿಟ್ಟದ್ದು ಅವಳ ಅಪ್ಪ. ಇಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವುದೂ ಅವರೇ.) ಏಳು ತಿಂಗಳಿಂದ ನಾನು ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿಲ್ಲ. ಹಗಲು ಅವಳು ಕಣ್ಣು ಮುಚ್ಚಿದಾಗ ನಾನೂ ಮುಚ್ಚೋಣ ಎಂದರೆ ಸರ್ರ್.

"ಅತ್ತೆ, ಒಂದರ್ಧ ಗಂಟೆ ನಿಲ್ಲಿಸ್ತೀರಾ?" ಎಂದು ಕೇಳಿದೆ.

"ಸಂಜೆ ಕಟ್ಟು ಕೆಳಗಿಳೀಬೇಕಲ್ಲ ಕಣೆ" ಎಂದು ಪಟ್ಟಿ ಎಳೆದರು.

ಮಗುವಿನ ಮೂಗಿನಲ್ಲಿ ಕಾಗದದ ಧೂಳು. ಹಾಲಿನ ಬಾಟಲಿಯಲ್ಲಿ ಅಂಟಿನ ವಾಸನೆ. ನಾನು ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ. ಇಲ್ಲಿ ಕೂತು ಡಯಪರ್ ಎಣಿಸುತ್ತಿದ್ದೇನೆ.

ಬೀದಿಯ ತುದಿಯ ಗೋಡೆಗೆ ನೋಟಿಸು ಅಂಟಿಸಿದ್ದಾರೆ. ಈ ಭಾಗವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರಂತೆ. ಗಾಜಿನ ಕಟ್ಟಡ, ಸಾವಿರಾರು ಉದ್ಯೋಗ. ಕೆಡವಲಿ. ನಾಳೆಯೇ ಕೆಡವಲಿ. ಬೇಕಾದರೆ ಮೊದಲ ಹಾರೆ ನಾನೇ ಹಿಡಿಯುತ್ತೇನೆ.

ಮಾರ್ಚ್ 6, ಬುಧವಾರ

ನನಗೆ ಕೆಲಸ ಸಿಕ್ಕಿದೆ. ಇನ್ನೊಮ್ಮೆ ಬರೆಯುತ್ತೇನೆ: ನನಗೆ ಕೆಲಸ ಸಿಕ್ಕಿದೆ.

ಆ ನೋಟಿಸಿನ ಯೋಜನೆಯ ಕಚೇರಿ ಮುಖ್ಯರಸ್ತೆಯ ಹಳೇ ಬ್ಯಾಂಕಿನ ಮಹಡಿಯಲ್ಲಿದೆ. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅನ್ನುತ್ತಾರೆ. ನನ್ನ ಅಂಕಪಟ್ಟಿಯನ್ನು ನೋಡುವ ಮೊದಲೇ ವಿಳಾಸ ನೋಡಿದರು. "ಬೈಂಡಿಂಗ್ ಬೀದಿಯಲ್ಲೇ ಇರ್ತೀರಾ? ಒಳ್ಳೇದು. ನಿಮಗಾದ್ರೆ ಬಾಗಿಲು ತೆಗೀತಾರೆ" ಅಂದರು. ಬೀದಿಯಲ್ಲಿ ಈಗ ಎಷ್ಟು ಉದ್ಯೋಗಗಳಿವೆ ಎಂಬ ಸಮೀಕ್ಷೆ ನಾನು ಮಾಡಬೇಕು. ಚೆನ್ನಾಗಿ ಮಾಡಿದರೆ ಏಪ್ರಿಲ್‌ನಲ್ಲಿ ಕಾಯಂ. ಕಚೇರಿಯ ಹಿಂದುಗಡೆ ಮಕ್ಕಳನ್ನು ಬಿಡಲು ಒಂದು ಕೋಣೆ ಇದೆ. ಗೋಡೆಗೆ ಹಳದಿ ಬಣ್ಣ. ಸದ್ದೇ ಇಲ್ಲ. ನಾನು ಆ ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೆಂದರೆ ಆಯಾ ಬಂದು ಯಾರ ತಾಯಿ ಎಂದು ಕೇಳಿದಳು.

ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅತ್ತದ್ದಕ್ಕೆ ಸಿಟ್ಟು ಬಂತು.

ಸಮೀಕ್ಷೆ ಮುಗಿಯುವವರೆಗೆ ಮಗು ಯಾರ ಕೈಯಲ್ಲಿ ಎಂದು ಮನೆಯಲ್ಲಿ ಮಾತು ಬಂತು. ಇವರು ಛಾವಣಿ ನೋಡಿದರು. ನನ್ನ ಗಂಡನಿಗೆ ಕಷ್ಟದ ಮಾತು ಬಂದಾಗಲೆಲ್ಲ ನಮ್ಮ ಛಾವಣಿಯಲ್ಲಿ ಏನೋ ಕಾಣಿಸುತ್ತದೆ. ಅತ್ತೆ ಪಟ್ಟಿ ಎಳೆಯುತ್ತಲೇ ಹೇಳಿದರು, "ನಾನಿದ್ದೀನಲ್ಲ. ಸುಮ್ನೆ ಕೂತೇ ಇರ್ತೀನಿ."

ಮಾರ್ಚ್ 11, ಸೋಮವಾರ

ಎಂಬತ್ತನಾಲ್ಕು ಮನೆಯಲ್ಲಿ ಐವತ್ತು ಮುಗಿಯಿತು. ಕಾಲು ನನ್ನವಲ್ಲ.

ಕೆಳಗೆ ಅಂಗಡಿಗಳು, ಮೇಲೆ ಮನೆಗಳು. ಅಂಗಡಿಯ ಲೆಕ್ಕ ಸುಲಭ. ಬೈಂಡಿಂಗ್ ಯಜಮಾನರು ಹಾಜರಿ ಪುಸ್ತಕ ತೆಗೆದು ತೋರಿಸಿದರು, ನನ್ನ ಗಂಡನ ಹೆಸರೂ ಸೇರಿ ಒಂಬತ್ತು ಜನ. ಮನೆಗಳೇ ತಲೆನೋವು. ಮೆಟ್ಟಿಲು ಹತ್ತು, ಬಾಗಿಲು ತಟ್ಟು, ನೀರು ಕುಡಿ, ಮಗು ಹೇಗಿದೆ ಎಂಬುದಕ್ಕೆ ಉತ್ತರ ಕೊಡು, ಮಗುವಿಗೆ ಹಲ್ಲು ಬಂತೇ ಎಂಬುದಕ್ಕೆ ಉತ್ತರ ಕೊಡು, ಆಮೇಲೆ ಪ್ರಶ್ನೆ. ಪ್ರಶ್ನೆ ಒಂದೇ: "ಉದ್ಯೋಗದಲ್ಲಿದ್ದೀರಾ?"

ಎದುರುಮನೆ ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು, ಶಾಲೆಯ ನೋಟ್‌ಬುಕ್ಕಿನ ಹಾಳೆಗಳನ್ನು ಜೋಡಿಸುತ್ತಿದ್ದಳು. ಬಾಯಿ ಮಾತಾಡುತ್ತಿತ್ತು, ಕೈ ನಿಲ್ಲಲಿಲ್ಲ. "ಉದ್ಯೋಗವಾ? ಈ ವಯಸ್ಸಲ್ಲಿ ನನಗ್ಯಾರು ಕೊಡ್ತಾರೆ ತಾಯಿ? ಮನೇಲಿ ಸುಮ್ನೆ ಇದ್ದೀನಿ, ಬರ್ಕೋ." ಬರೆದುಕೊಂಡೆ. ಇಲ್ಲ.

ಅವಳ ಸೊಸೆ ಗೋಡೆಗೆ ಒರಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಪಕ್ಕದಲ್ಲಿ ಹೊಲಿಯಬೇಕಾದ ಪುಸ್ತಕಗಳ ಗೋಪುರ. ಇಲ್ಲ. ಮೇಲಿನ ಮನೆಯ ರಿಟೈರಾದ ಮಾಸ್ತರರು ರಟ್ಟಿಗೆ ಅಂಟು ಬಳಿಯುತ್ತಿದ್ದರು. "ನಾನು ನಿವೃತ್ತ" ಅಂದರು. ಇಲ್ಲ. ಕೆಲವರು ಉತ್ತರ ಕೊಡುವ ಮೊದಲು ಕರೆಂಟಿನ ಮೀಟರು ನೋಡಿದರು. ಮನೆಯಲ್ಲಿ ಕೆಲಸ ನಡೆಯುತ್ತದೆ ಎಂದರೆ ಅಂಗಡಿಯ ದರ ಹಾಕುತ್ತಾರೆ ಎಂಬ ಭಯ. ಇಲ್ಲ, ಇಲ್ಲ, ಇಲ್ಲ.

ನಮ್ಮ ಮನೆಗೂ ಒಂದು ನಮೂನೆ ತುಂಬಬೇಕಲ್ಲ. ಶಾಸ್ತ್ರಕ್ಕೆ ಅತ್ತೆಯನ್ನೂ ಕೇಳಿದೆ. ಒಂದು ಕಾಲಲ್ಲಿ ಸೈರನ್‌ಳ ತೊಟ್ಟಿಲು ತೂಗುತ್ತಾ ಎರಡು ಕೈಯಲ್ಲಿ ಮಡಚುತ್ತಿದ್ದರು. "ಇದನ್ನೂ ಕೇಳ್ಬೇಕಾ? ನಾನೇನು ಚೀಲ ಹಾಕ್ಕೊಂಡು ಆಫೀಸಿಗೆ ಹೋಗ್ತೀನಾ? ಇಲ್ಲ ಅಂತ ಬರಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ಹೀಗೆ ಚುರುಕಾಗಿ ಉತ್ತರಿಸಿದರೆ ಶುಕ್ರವಾರಕ್ಕೆ ಮುಗಿದೀತು.

ಮಾರ್ಚ್ 15, ಶುಕ್ರವಾರ

ಮುಗಿಯಿತು. ಒಟ್ಟು 63. ಮೇಡಂ ಹಾಳೆ ತಿರುವಿ ನೋಡಿ, "ಎಷ್ಟು ನೀಟಾಗಿದೆ. ಬೇರೆ ಬೀದಿಗಳಿಂದ ಬಂದದ್ದು ಬರೀ ಗೀಚಾಟ" ಅಂದರು. ಕಿಟಕಿ ಪಕ್ಕದ ಕುರ್ಚಿ ಕೊಟ್ಟರು.

ಮನೆಗೆ ಬಂದರೆ ಅತ್ತೆ ಮಗುವಿಗೆ ಹಾಳೆಯ ಚೂರಿನಲ್ಲಿ ದೋಣಿ ಮಾಡಿಕೊಟ್ಟಿದ್ದಾರೆ, ಅದು ದೋಣಿಯನ್ನು ಅರ್ಧ ತಿಂದಿದೆ. ಬಾಯಿಗೆ ಬೆರಳು ಹಾಕಿ ತೆಗೆದೆ. ಕೂಗಾಡಿದೆ. "ನಿನ್ನ ಗಂಡನೂ ತಿಂದೇ ಬೆಳೆದದ್ದು" ಅಂದರು. ಅದು ಗೊತ್ತಾಗುತ್ತದೆ ಎಂದೆ. ಇವರು ಛಾವಣಿ ನೋಡಿದರು.

ಮಾರ್ಚ್ 20, ಬುಧವಾರ

ಕಚೇರಿಯ ಗೋಡೆಗೆ ನಕ್ಷೆ ಬಂದಿದೆ. ಹಸಿರು ಬೀದಿಗಳು ಉಳಿಯುತ್ತವೆ, ಕೆಂಪು ಬೀದಿಗಳು ಹೋಗುತ್ತವೆ. ನಮ್ಮದು ಕೆಂಪು. ಹೋಗುತ್ತದೆ ಎಂದು ಗೊತ್ತೇ ಇತ್ತಲ್ಲ, ನಾನೇ ಹಾರೆ ಹಿಡಿಯುತ್ತೇನೆ ಎಂದಿದ್ದೆನಲ್ಲ. ಆದರೂ ಬೆರಳಿಟ್ಟು ಇನ್ನೊಮ್ಮೆ ನೋಡಿದೆ. ಪಕ್ಕದ ತಗಡಿನ ಕೆಲಸದವರ ಬೀದಿ ಹಸಿರು. ಅದು ನಮ್ಮದಕ್ಕಿಂತ ಹರುಕು. ಯಾಕೆ ಎಂದು ಕೇಳಿದೆ.

ಮೇಡಂ ತಾಳ್ಮೆಯಿಂದ ವಿವರಿಸಿದರು. ಇನ್ನೂರಕ್ಕಿಂತ ಹೆಚ್ಚು ಉದ್ಯೋಗ ಇರುವ ಬೀದಿಯನ್ನು ಕೆಡವುವಂತಿಲ್ಲ, ಇದ್ದ ಹಾಗೆ ಇಟ್ಟು ಸುತ್ತ ಕಟ್ಟಬೇಕು. ಅದು ನಿಯಮ. ಇನ್ನೂರರ ಕೆಳಗಿನದನ್ನು ತೆರವು ಮಾಡಬಹುದು. ತಗಡಿನ ಬೀದಿಯಲ್ಲಿ 240. ನಮ್ಮಲ್ಲಿ 63.

"ಅರವತ್ತಮೂರು ಹೋಗಿ ಮೂರು ಸಾವಿರದ ಇನ್ನೂರು ಬರುತ್ತೆ. ಈ ಲೆಕ್ಕ ನಿಮಗೆ ನಾನು ಹೇಳ್ಕೊಡ್ಬೇಕಾ?" ಎಂದು ನಕ್ಕರು.

ಮನೆಗಳಿಗೆ ಊರಿನ ಇನ್ನೊಂದು ತುದಿಯಲ್ಲಿ ಜಾಗ ಕೊಡುತ್ತಾರಂತೆ. ಬಸ್ಸಿನಲ್ಲಿ ಒಂದೂವರೆ ಗಂಟೆ. ನನಗೇನು, ನನ್ನ ಕೆಲಸ ಇಲ್ಲೇ ಇರುತ್ತದೆ. ಆದರೆ ಒಂದೂವರೆ ಗಂಟೆ ಬಸ್ಸಿನಲ್ಲಿ ಹಾಳೆಯ ಕಟ್ಟು ಯಾರು ಹೊರುತ್ತಾರೆ?

ಆ ಜನರ ಮೇಲೆ ನನಗೆ ಎಂಥ ಸಿಟ್ಟು ಬಂದಿದೆ ಎಂದರೆ. ಬಾಯಿ ತೆರೆದು ಹೌದು ಎನ್ನಲು ಏನು ಧಾಡಿಯಾಗಿತ್ತು? ನಾನು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದ್ದೆ. ಪ್ರತಿಯೊಂದು ಮನೆಯಲ್ಲೂ ಸ್ಪಷ್ಟವಾಗಿ ಕೇಳಿದ್ದೆ.

ಮನೆಯಲ್ಲಿ ಹೇಳಲಿಲ್ಲ.

ಮಾರ್ಚ್ 27, ಬುಧವಾರ

ಮಗುವಿಗೆ ಮೂರು ದಿನದಿಂದ ಜ್ವರ, ಇವತ್ತು ರಜೆ ಹಾಕಿದೆ. ಹಲ್ಲು ಅನ್ನುತ್ತಾರೆ ಅತ್ತೆ, ಧೂಳು ಅನ್ನುತ್ತೇನೆ ನಾನು. ಡಾಕ್ಟರು ಎರಡೂ ಇರಬಹುದು ಅಂದರು. ನಡುವೆ ನಿಲ್ಲುವವರನ್ನು ಕಂಡರೆ ನನಗಾಗದು.

ಒಂದು ಮಾತು. ಇವತ್ತು ಮಧ್ಯಾಹ್ನ ಮೂರು ಗಂಟೆ ಹೊತ್ತು ಸದ್ದಿರಲಿಲ್ಲ. ಮಗು ನನ್ನೆದೆಯ ಮೇಲೆ, ನಾನು ಗೋಡೆಗೆ ಒರಗಿ, ಇಬ್ಬರಿಗೂ ಮಂಪರು. ಎದ್ದು ನೋಡಿದರೆ ಅತ್ತೆ ಕಟ್ಟುಗಳನ್ನು ಮೆಟ್ಟಿಲಿಗೆ ಹೊತ್ತುಕೊಂಡು ಹೋಗಿ ಅಲ್ಲಿ ಬಿಸಿಲಲ್ಲಿ ಕೂತು ಮಡಚುತ್ತಿದ್ದರು. ಹೇಳಿ ಹೋಗಬಾರದಿತ್ತೇ? ಎದ್ದಾಗ ಮನೆ ಖಾಲಿ, ನಾನು ಹೆದರಿದೆ.

ಏಪ್ರಿಲ್ 2, ಮಂಗಳವಾರ

ಅಕ್ಷರ ಹೇಗಾದರೂ ಬರಲಿ, ಇವತ್ತೇ ಬರೆದಿಡಬೇಕು.

ಕಚೇರಿಯಿಂದ ಬಂದಾಗ ಕೋಣೆಯ ತುಂಬ ಹೊಸ ಕಟ್ಟುಗಳು. ದಪ್ಪ ಹೊಳಪಿನ ಕಾಗದ, ಬಣ್ಣದ ಅಚ್ಚು. ಯೋಜನೆಯ ಕೈಪಿಡಿ. ಐದು ಸಾವಿರ ಪ್ರತಿ, ಒಂದೊಂದೂ ಹದಿನಾರು ಪುಟ, ಮುಂದಿನ ವಾರ ಬುಧವಾರದ ಸಾರ್ವಜನಿಕ ಸಭೆಯಲ್ಲಿ ಹಂಚಲು. ಅಚ್ಚು ಬೇರೆಲ್ಲೋ ಆಗಿದೆ, ಮಡಚಿ ಪಿನ್ನು ಹೊಡೆಯಲು ಮಾತ್ರ ನಮ್ಮ ಬೀದಿಗೆ ಬಂದಿದೆ. ಇಷ್ಟು ಬೇಗ, ಇಷ್ಟು ಅಗ್ಗಕ್ಕೆ ಮಡಚುವವರು ಈ ಊರಲ್ಲಿ ಬೇರೆ ಯಾರಿದ್ದಾರೆ?

ಅತ್ತೆಗೆ ಓದು ನಿಧಾನ. ಮಡಚುವುದನ್ನೆಲ್ಲ ಓದುವ ಅಭ್ಯಾಸವೂ ಇಲ್ಲ. ಆದರೆ ಚಿತ್ರದಲ್ಲಿ ನಮ್ಮ ಬೀದಿಯ ನೀರಿನ ಟ್ಯಾಂಕು ಕಂಡಿದೆ. ಬೆರಳಿಟ್ಟು ಪುಟ ಮೂರನ್ನು ಜೋರಾಗಿ ಓದುತ್ತಿದ್ದರು. "ಈಗಿರುವ ಉದ್ಯೋಗಗಳು ಅರವತ್ತಮೂರು. ಬರಲಿರುವ ಉದ್ಯೋಗಗಳು ಮೂರು ಸಾವಿರದ ಇನ್ನೂರು." ಆಮೇಲೆ ನಕ್ಕರು. "ಯಾವ ಪುಣ್ಯಾತ್ಮ ಬರೆದದ್ದಪ್ಪ ಇದು? ಅರವತ್ತಮೂರು ಜನ ನಮ್ಮ ಮೆಟ್ಟಿಲ ಮೇಲೇ ಇರ್ತಾರೆ. ಕುರುಡ ಇರ್ಬೇಕು."

"ನಾನು" ಎಂದೆ.

ಪಟ್ಟಿ ನಿಂತಿತು. ಈ ಮನೆಗೆ ಬಂದಾಗಿನಿಂದ ಆ ಸದ್ದು ನಿಲ್ಲಲಿ ಎಂದು ಬೇಡಿಕೊಂಡಿದ್ದೇನೆ. ಇವತ್ತು ನಿಂತದ್ದು ಸಹಿಸಲಾಗಲಿಲ್ಲ. ಎಲ್ಲ ಹೇಳಿದೆ. ನಿಯಮ, ಇನ್ನೂರು, ಕೆಂಪು ಬಣ್ಣ, ಬಸ್ಸು. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ನೀವೇ ಅಲ್ಲವೇ ಇಲ್ಲ ಅಂದದ್ದು, ನಿಮ್ಮ ಬಾಯಿಂದಲೇ, ನಿಮ್ಮ ಉತ್ತರವನ್ನೇ ಬರೆದುಕೊಂಡೆ, ಸುಳ್ಳು ಬರೆಯಬೇಕಿತ್ತೇ ಎಂದು ಕೂಗಿದೆ.

ಅತ್ತೆ ಕೂಗಲಿಲ್ಲ. "ನಾನು ಇಲ್ಲ ಅಂದೆ ಕಣೆ. ಹೌದು. ನಿನಗೆ ಕಣ್ಣಿರಲಿಲ್ವಾ?"

ಅಷ್ಟೇ. ಆಮೇಲೆ ಮತ್ತೆ ಮಡಚತೊಡಗಿದರು. ತಮ್ಮನ್ನು ಓಡಿಸುವ ಕಾಗದವನ್ನು, ಮೂಲೆಗೆ ಮೂಲೆ ಕೂರಿಸಿ, ಎಂದಿನ ಹಾಗೆ, ಒಂದು ಕೂದಲೂ ಆಚೀಚೆ ಆಗದಂತೆ. ಆ ಅಚ್ಚುಕಟ್ಟು ನೋಡಿ ನನಗೆ ಏನನ್ನಾದರೂ ಒಡೆಯಬೇಕು ಅನ್ನಿಸಿತು. ಒಡೆಯಲು ಈ ಮನೆಯಲ್ಲಿ ಕಾಗದ ಬಿಟ್ಟರೆ ಏನಿದೆ?

ಏಪ್ರಿಲ್ 3, ಬುಧವಾರ

ಇಲ್ಲಿಂದ ಹದಿನಾರು ಪುಟ ತಲೆಕೆಳಗು. ಡೈರಿಯನ್ನು ತಿರುಗಿಸಿಕೊಂಡು ಬರೆಯುತ್ತಿದ್ದೇನೆ.

ಮೇಡಂ ಹತ್ತಿರ ಹೋಗಿ, ಸಮೀಕ್ಷೆಯಲ್ಲಿ ತಪ್ಪಾಗಿದೆ, ಮನೆಗಳಲ್ಲಿ ಕೆಲಸ ಮಾಡುವವರನ್ನು ಬಿಟ್ಟಿದ್ದೇನೆ, ತಿದ್ದಲು ಅವಕಾಶ ಕೊಡಿ ಎಂದೆ. ಅವರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು. ಮನೆಯಲ್ಲಿ ಕೂತು ಕಾಗದ ಮಡಚುವುದು ಉದ್ಯೋಗವಲ್ಲ, ಮನೆಯ ಚಟುವಟಿಕೆ, ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ ಅಂದರು. ಹೇಗಿದ್ದರೂ ಕೈಪಿಡಿ ಅಚ್ಚಾಗಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಅಂದರು.

"ಮುಂದಿನ ಮುದ್ರಣದ ಹೊತ್ತಿಗೆ ಬೀದಿ ಇರಲ್ಲ, ಮೇಡಂ."

"ನಿಮಗೆ ನಿದ್ದೆ ಕಡಿಮೆಯಾಗಿದೆ ಅನ್ಸುತ್ತೆ" ಎಂದು ಪ್ರೀತಿಯಿಂದಲೇ ಹೇಳಿ, ಒಂದು ಲಕೋಟೆಯನ್ನು ನನ್ನ ಕಡೆ ತಳ್ಳಿದರು. ಕಾಯಂ ಮಾಡುವ ಪತ್ರ. ಸಭೆ ಮುಗಿದ ಮರುದಿನ ಸಹಿ ಹಾಕುತ್ತಾರಂತೆ. ಹಳದಿ ಕೋಣೆಯಲ್ಲಿ ಸೈರನ್ ಹೆಸರಿಗೆ ಒಂದು ತೊಟ್ಟಿಲೂ ಇಟ್ಟಿದ್ದಾರೆ, ಹೋಗಿ ನೋಡಿ ಬನ್ನಿ ಅಂದರು.

ಹೋಗಿ ನೋಡಿದೆ. ನೋಡಬಾರದಿತ್ತು. ತೊಟ್ಟಿಲಿಗೆ ಬಿಳಿ ಸೊಳ್ಳೆಪರದೆ ಹಾಕಿದ್ದರು.

ನಿದ್ದೆ ಕಡಿಮೆಯಂತೆ. ಎಚ್ಚರ ಕಡಿಮೆಯಾಗಿದ್ದಾಗ ಮಾಡಿದ ಲೆಕ್ಕವನ್ನು ಮಾತ್ರ ನೀಟಾಗಿದೆ ಅಂದಿದ್ದರು.

ಏಪ್ರಿಲ್ 4, ಗುರುವಾರ

ರಜೆ ಹಾಕಿ, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎಂಬತ್ತನಾಲ್ಕು ಮನೆಗೂ ಮತ್ತೆ ಹೋದೆ. ಪ್ರಶ್ನೆ ಬದಲಾಯಿಸಿದೆ. ಉದ್ಯೋಗದ ಮಾತೇ ಎತ್ತಲಿಲ್ಲ. "ನಿನ್ನೆ ಎಷ್ಟು ಮಡಚಿದಿರಿ?" ಎಂದು ಕೇಳಿದೆ.

ಎದುರುಮನೆ ಅಜ್ಜಿ ಬೆನ್ನು ನೇರ ಮಾಡಿ ಕೂತಳು. "ಎರಡು ಸಾವಿರದ ನಾನೂರು. ನಿಮ್ಮತ್ತೆ ಎಷ್ಟು ಅಂದಳು?" ಎರಡು ಸಾವಿರದ ಇನ್ನೂರು ಎಂದೆ. "ಅವಳಿಗೀಗ ಮೊಮ್ಮಗಳ ಕಾಟ, ಪಾಪ" ಎಂದು ಗೆದ್ದವಳ ಹಾಗೆ ನಕ್ಕಳು. ಅವಳ ಸೊಸೆ ನೂರ ಹತ್ತು ಪುಸ್ತಕ ಹೊಲಿದಿದ್ದಳು. ನಿವೃತ್ತ ಮಾಸ್ತರರು ಮುನ್ನೂರು ರಟ್ಟಿಗೆ ಅಂಟು ಬಳಿದಿದ್ದರು, ಮಾರ್ಚಿನಿಂದ ಬರೆದಿಟ್ಟ ಪಟ್ಟಿಯನ್ನೂ ತೋರಿಸಿದರು. ಒಂದು ಮನೆಯಲ್ಲೂ ಇಲ್ಲ ಎಂಬ ಮಾತು ಬರಲಿಲ್ಲ. ನಾನು ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದೇ ಇದು, ಪ್ರಶ್ನೆ ಸರಿಯಿಲ್ಲದಿದ್ದರೆ ಉತ್ತರ ಸರಿ ಬರುವುದಿಲ್ಲ ಎಂದು. ಪರೀಕ್ಷೆಯಲ್ಲಿ ಬರೆದು ಮರೆತುಬಿಟ್ಟೆ.

ಅಂಗಡಿಗಳ 63, ಮನೆಗಳ 168. ಒಟ್ಟು 231.

ಸಂಜೆ ಆ ಸಂಖ್ಯೆಯನ್ನು ಅತ್ತೆಯ ಮುಂದಿಟ್ಟು ಏನು ಮಾಡಲಿ ಎಂದು ಕೇಳಿದೆ. ಕೇಳುವಾಗ ಅಳು ಬಂತು, ಆ ಅಳುವಿಗೂ ಸಿಟ್ಟು ಬಂತು. ಅತ್ತೆಗೆ ನನ್ನ ಅಳು ಅರ್ಥವೇ ಆಗಲಿಲ್ಲ.

"ಪುಸ್ತಕದಲ್ಲಿ ತಪ್ಪಿದ್ರೆ ಒಪ್ಪೋಲೆ ಹಾಕ್ಬೇಕು, ಅಷ್ಟೆ. ಅದಕ್ಯಾಕೆ ಅಳೋದು?"

ಒಪ್ಪೋಲೆ ಎಂದರೆ ಅಚ್ಚಾದ ಮೇಲೆ ಕಂಡ ತಪ್ಪಿಗೆ, ಇಂಥ ಪುಟದ ಇಂಥ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ ಎಂದು ಪುಸ್ತಕದೊಳಗೆ ಇಡುವ ಚೀಟಿ. ಅತ್ತೆ ನಲವತ್ತು ವರ್ಷದಿಂದ ದೊಡ್ಡ ದೊಡ್ಡ ವಿದ್ವಾಂಸರ ಒಪ್ಪೋಲೆಗಳನ್ನು ಮಡಚಿದ್ದಾರೆ. ಅವರ ಮಟ್ಟಿಗೆ ತಪ್ಪು ಮಾಡದ ಪುಸ್ತಕ ಎಂಬುದೇ ಇಲ್ಲ. ತಪ್ಪಿಟ್ಟುಕೊಂಡು ಹೊರಗೆ ಹೋಗುವ ಪುಸ್ತಕವೇ ನಾಚಿಕೆ.

ಏಪ್ರಿಲ್ 6, ಶನಿವಾರ

ಬೈಂಡಿಂಗ್ ಯಜಮಾನರು ಮೊದಲು ಒಪ್ಪಲಿಲ್ಲ. ಗಿರಾಕಿಯ ಮಾಲಿನೊಳಗೆ ನಾವು ಒಂದು ದಾರವನ್ನೂ ಸೇರಿಸುವಂತಿಲ್ಲ, ಸೇರಿಸಿದರೆ ನಾಳೆಯಿಂದ ಯಾರೂ ಇತ್ತ ತಲೆ ಹಾಕುವುದಿಲ್ಲ ಅಂದರು. ಅದೂ ನಿಜವೇ. ಅವರ ಭಯ ಸುಳ್ಳಲ್ಲ.

ಅತ್ತೆ ಕೇಳಿದರು, "ಒಪ್ಪೋಲೆ ಯಾರು ಕೊಡ್ಬೇಕು ಯಜಮಾನ್ರೇ? ಈ ಬೀದಿ ಪದ್ಧತಿ ಏನು?"

"ಬರೆದೋರು ಕೊಡ್ಬೇಕು ಅಕ್ಕ. ಬರೆದೋರು ಕೊಟ್ರೆ ನಾವು ಹಾಕ್ಲೇಬೇಕು."

"ಆ ಸಾಲು ಬರೆದೋಳು ಇಲ್ಲಿ ನಿಂತಿದ್ದಾಳೆ ನೋಡಿ. ಕೊಡ್ತಿದ್ದಾಳೆ."

ಯಜಮಾನರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಮೇಲೆ ತಮಗೆ ತುಂಬ ಹೊತ್ತಿನಿಂದ ಟೀ ಕುಡಿಯಬೇಕು ಅನ್ನಿಸುತ್ತಿದೆ, ಬರುವುದು ಸಂಜೆಯಾಗಬಹುದು ಎಂದು ಹೇಳಿ ಹೊರಟುಹೋದರು.

ಎದುರುಮನೆ ಅಜ್ಜಿಯ ಮಗನದ್ದು ಚಿಕ್ಕ ಪ್ರೆಸ್ಸು. ಅವನು ಉಳಿದ ಕಾಗದದ ಮೇಲೆ ಅಚ್ಚು ಹಾಕಿದ. ನಾನು ಬರೆದುಕೊಟ್ಟದ್ದು ಇಷ್ಟು:

"ಪುಟ 3, ಸಾಲು 7. ಈಗಿರುವ ಉದ್ಯೋಗಗಳು 63 ಎಂಬುದನ್ನು 231 ಎಂದು ತಿದ್ದಿ ಓದಿಕೊಳ್ಳಬೇಕು. ಮನೆಗಳಲ್ಲಿ ಕೂತು ಮಡಚುವ, ಹೊಲಿಯುವ, ಅಂಟಿಸುವ 168 ಮಂದಿಯನ್ನು ಎಣಿಸದೆ ಬಿಟ್ಟದ್ದು ತಪ್ಪು. ತಪ್ಪು ಸಮೀಕ್ಷೆ ಮಾಡಿದವಳದ್ದು. ಈ ಕೈಪಿಡಿಯನ್ನು ಮಡಚಿದವರೂ ಆ ಮಂದಿಯೇ."

ಕೆಳಗೆ ನನ್ನ ಹೆಸರು, ವಿಳಾಸ.

ಚೀಟಿಗಳನ್ನು ಕತ್ತರಿಸಬೇಕಾದದ್ದು ಇವರು. ಕಟಿಂಗ್ ಮೆಷಿನ್ನಿನ ಮುಂದೆ ನಿಂತು ಆ ಹಾಳೆ ಓದಿದರು. ನಿನ್ನ ಕೆಲಸ ಹೋಗುತ್ತೆ, ನಂದೂ ಹೋಗಬಹುದು, ಮಗು ಇದೆ ಅಂದರು. ಒಂದೊಂದು ಮಾತೂ ಸರಿ. ಅದಕ್ಕೇ ನನಗೆ ಮೈ ಉರಿಯಿತು. ಛಾವಣಿ ನೋಡಬೇಡಿ ರೀ, ಒಂದು ಸಲ ನನ್ನನ್ನು ನೋಡಿ ಮಾತಾಡಿ ಎಂದೆ, ಎಲ್ಲರೆದುರಿಗೇ. ಇವರು ನನ್ನನ್ನು ನೋಡಿದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರ ಕಣ್ಣ ಕೆಳಗಿನ ಕಪ್ಪು ನನಗೆ ಕಂಡಿತು. ಹಾಗಾದರೆ ಹತ್ತಿ ಇಟ್ಟುಕೊಂಡೂ ನಿದ್ದೆ ಬರುತ್ತಿರಲಿಲ್ಲವೇ? ಕೇಳಲು ಅದು ಹೊತ್ತಲ್ಲ. ಇವರು ಹಾಳೆಗಳನ್ನು ತಟ್ಟಿ ಅಂಚು ಕೂಡಿಸಿ, ಅಲಗು ಇಳಿಸಿದರು.

ಏಪ್ರಿಲ್ 8, ಸೋಮವಾರ

ಚೀಟಿಯನ್ನು ಸುಮ್ಮನೆ ಒಳಗಿಟ್ಟರೆ ಸಾಕು ಎಂದುಕೊಂಡಿದ್ದೆ. ಅತ್ತೆ ಬೈದರು. ಉದುರಿಹೋಗುವ ಹಾಗೆ ಇಡುವುದು ಹೊಣೆಗೇಡಿ ಕೆಲಸವಂತೆ. ಒಪ್ಪೋಲೆ ನಡುವಿನ ಮಡಿಕೆಗೆ ಕೂತು ಪಿನ್ನಿನೊಳಗೆ ಬರಬೇಕು. ಆಗ ಅದನ್ನು ಕಿತ್ತರೆ ನಡುವಿನ ಪುಟಗಳೂ ಕಿತ್ತುಬರುತ್ತವೆ.

ಐದು ಸಾವಿರ. ಬೀದಿಯ ಅರ್ಧ ಮನೆಗಳಿಗೆ ಹಂಚಿ ಮಡಚಿದರು. ನನಗೂ ಒಂದು ಬಿದಿರು ಪಟ್ಟಿ ಕೊಟ್ಟರು. ನನ್ನ ಮೊದಲ ಐವತ್ತನ್ನು ಅತ್ತೆ ಬಿಚ್ಚಿ ಮತ್ತೆ ಮಡಚಿದರು, ನನ್ನೆದುರೇ, ಒಂದು ಮಾತೂ ಆಡದೆ. ಎಂಥ ಅವಮಾನ. ಎರಡನೆಯ ಐವತ್ತರಲ್ಲಿ ಮೂವತ್ತನ್ನು ಮಾತ್ರ ಬಿಚ್ಚಿದರು.

ಏಪ್ರಿಲ್ 10, ಬುಧವಾರ

ಸಭಾಭವನದಲ್ಲಿ ಕುರ್ಚಿ ಸಾಲಲಿಲ್ಲ. ವೇದಿಕೆಯ ಮೇಲೆ ಯೋಜನೆಗೆ ಒಪ್ಪಿಗೆ ಕೊಡುವ ನಗರ ಪರಿಷತ್ತಿನ ಅಧ್ಯಕ್ಷರು, ಪಕ್ಕದಲ್ಲಿ ಮೇಡಂ. ಪ್ರತಿ ಕುರ್ಚಿಯ ಮೇಲೂ ಒಂದು ಕೈಪಿಡಿ. ಮೇಡಂ ಮಾತು ಶುರುಮಾಡಿದರು, ಜನ ಪುಟ ತಿರುವತೊಡಗಿದರು. ನಡುಪುಟಕ್ಕೆ ಬಂದವರು ನಿಂತರು. ಪಕ್ಕದವರಿಗೆ ತೋರಿಸಿದರು. ಎಲ್ಲರೂ ಹಿಂದಕ್ಕೆ ತಿರುವಿ ಪುಟ ಮೂರನ್ನು ಹುಡುಕುವ ಸದ್ದು ಭವನದ ತುಂಬ. ಅಷ್ಟು ಕಾಗದದ ಸದ್ದು ನಾನು ನಮ್ಮ ಮನೆಯಲ್ಲೂ ಕೇಳಿರಲಿಲ್ಲ.

ಮೇಡಂ ತಮ್ಮ ಪ್ರತಿ ತೆಗೆದರು. ಚೀಟಿ ಹಿಡಿದು ಎಳೆದರು. ಪಿನ್ನು ಸಡಿಲಾಗಿ ನಡುಪುಟಗಳು ಅವರ ಮಡಿಲಿಗೆ ಬಿದ್ದವು.

"ಇದನ್ನ ಇದರೊಳಗೆ ಹಾಕಿದ್ದು ಯಾರು?"

ನಾನು ಎದ್ದೆ. ಮಗು ತೋಳಲ್ಲಿ, ಮಾತು ಹೊರಡುವ ಮುಂಚೆ ಪಕ್ಕದಲ್ಲಿ ಅತ್ತೆ ಎದ್ದು ನಿಂತಿದ್ದರು.

"ಬರೆದದ್ದು ಇವಳು. ಹಾಕಿದ್ದು ನಾನು. ನನ್ನ ಕೆಲಸ ಅದು."

ಹಿಂದಿನ ಸಾಲಿನಿಂದ ಎದುರುಮನೆ ಅಜ್ಜಿ, ಅರ್ಧ ತಾನೂ ಹಾಕಿದ್ದೇನೆ, ಹೆಸರು ಪೂರ್ತಿ ಅವಳಿಗೆ ಬೇಡ ಎಂದು ಕೂಗಿದಳು. ಜನ ನಕ್ಕರು. ನಗು ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದರು. ಯಾರೂ ಭಾಷಣ ಮಾಡಲಿಲ್ಲ. ನಿನ್ನೆ ಎಷ್ಟು ಮಡಚಿದೆವು, ಎಷ್ಟು ಹೊಲಿದೆವು ಎಂದು ಹೇಳಿ ಕೂತರು. ಅಧ್ಯಕ್ಷರು ಮೊದಲು ಗಡಿಯಾರ ನೋಡುತ್ತಿದ್ದರು. ಮಾಸ್ತರರು ತಮ್ಮ ಪಟ್ಟಿಯನ್ನು ಮಾರ್ಚ್ ಒಂದರಿಂದ ಓದತೊಡಗಿದಾಗ, ಸಾಕು, ಮರುಎಣಿಕೆ ಆಗಲಿ, ಅಲ್ಲಿಯವರೆಗೆ ತೆರವು ಬೇಡ ಎಂದು ಬರೆಸಿದರು. ಬೀದಿ ಉಳಿಯಿತು ಎಂದಲ್ಲ. ಮತ್ತೆ ಎಣಿಸುತ್ತಾರೆ ಎಂದಷ್ಟೇ.

ಹೊರಗೆ ಮೇಡಂ ನನ್ನ ಹತ್ತಿರ ಬಂದರು. "ನಿಮ್ಮಂಥವರಿಗೆ ಅವಕಾಶ ಕೊಡೋದೇ ತಪ್ಪು" ಅಂದರು. ನಾನು ಒಳ್ಳೆಯ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಒಂಬತ್ತು ಉತ್ತರ ಹೊಳೆದವು, ಈಗಲೂ ಹೊಳೆಯುತ್ತಿವೆ.

ಏಪ್ರಿಲ್ 12, ಶುಕ್ರವಾರ

ಪತ್ರ ಬಂತು. ನಾಳೆಯಿಂದ ಬರುವುದು ಬೇಡ.

ಹಳದಿ ಕೋಣೆಯ ತೊಟ್ಟಿಲು ನೆನಪಾಗಿ ಹೊಟ್ಟೆ ಉರಿಯಿತು. ಒಳ್ಳೆಯ ತೊಟ್ಟಿಲು ಅದು.

ಏಪ್ರಿಲ್ 24, ಬುಧವಾರ

ಹನ್ನೆರಡು ದಿನ ಬರೆದೇ ಇಲ್ಲ. ಮಧ್ಯಾಹ್ನ ಡೈರಿ ತೆಗೆದರೆ ಕಣ್ಣು ಎಳೆಯುತ್ತದೆ, ಎದ್ದಾಗ ಸಂಜೆಯಾಗಿರುತ್ತದೆ. ಸೈರನ್‌ಗೂ ಏನಾಗಿದೆಯೋ, ಪಟ್ಟಿಯ ಸದ್ದು ನಿಂತರೆ ಎದ್ದು ಅಳುತ್ತದೆ. ಹಾಗಾಗಿ ನಿಲ್ಲಿಸುವ ಹಾಗಿಲ್ಲ. ಅತ್ತೆ ಊಟಕ್ಕೆ ಏಳುವಾಗ ನಾನು ಎಳೆಯುತ್ತೇನೆ.

ಇವತ್ತು ಮರುಎಣಿಕೆಯವರು ನಮ್ಮ ಮೆಟ್ಟಿಲು ಹತ್ತಿದರು. ಬೇರೆ ಕಚೇರಿಯವರು, ಬೆವರುತ್ತಿದ್ದ ಒಬ್ಬ ಗುಮಾಸ್ತರು. ನೀರು ಕೇಳಿ ಕುಡಿದರು. ಅವರ ನಮೂನೆ ನೋಡಿದೆ. ಮತ್ತೆ ಅದೇ ಪ್ರಶ್ನೆ, ಅದೇ ಪದ, ಬದಲಾಯಿಸಿಯೇ ಇಲ್ಲ. ನನಗೆ ರಕ್ತ ತಲೆಗೇರಿತು. ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ತಿದ್ದಲು ಇವರಿಗೆ ಆಗಲಿಲ್ಲವೇ? ಆದರೆ ಅತ್ತೆ ತಯಾರಾಗಿದ್ದರು. "ಹೌದು, ಇದ್ದೀನಿ. ನಲವತ್ತು ವರ್ಷದಿಂದ ಇದ್ದೀನಿ. ಬರ್ಕೊಳ್ಳಿ" ಎಂದು ಬೆರಳಿನಿಂದ ಅಂಕಣವನ್ನೂ ತೋರಿಸಿದರು. ಬೀದಿಯ ಎಲ್ಲರಿಗೂ ಹೀಗೇ ಹೇಳಬೇಕೆಂದು ಅವರೂ ಅಜ್ಜಿಯೂ ಮನೆಮನೆಗೆ ಹೋಗಿ ಬಾಯಿಪಾಠ ಮಾಡಿಸಿದ್ದಾರೆ, ನನಗೆ ಗೊತ್ತೇ ಇರಲಿಲ್ಲ.

ಗುಮಾಸ್ತರು ನನ್ನ ಕಡೆ ತಿರುಗಿದರು. ನೀವು ಉದ್ಯೋಗದಲ್ಲಿದ್ದೀರಾ ಎಂದರು.

"ಇಲ್ಲ" ಎಂದೆ. "ಇತ್ತು, ಈ ತಿಂಗಳು ಹೋಯ್ತು."

ಅವರು ಪೆನ್ನು ಊರಿದರು. ಅಷ್ಟರಲ್ಲಿ ನನ್ನ ಬೆರಳ ಗಂಟಿನ ಮೇಲೆ ಬಿದಿರು ಪಟ್ಟಿಯಿಂದ ಒಂದು ಏಟು ಬಿತ್ತು. ಉರಿಯಿತು.

"ಬೆಳಿಗ್ಗೆಯಿಂದ ಆರು ನೂರು ಮಡಚಿದ್ದಾಳೆ" ಎಂದು ಅತ್ತೆ ಗುಮಾಸ್ತರಿಗೆ ಹೇಳಿದರು. "ಮೂಲೆ ಇನ್ನೂ ಸರಿಯಾಗಿ ಕೂರಲ್ಲ. ಆದ್ರೂ ಬರ್ಕೊಳ್ಳಿ."

ಕೆಳಗೆ ನೋಡಿದೆ. ನನ್ನ ಮಡಿಲಲ್ಲಿ ಅರ್ಧ ಮಡಚಿದ ಹಾಳೆ ಇತ್ತು, ಕೈಯಲ್ಲಿ ಪಟ್ಟಿ ಇತ್ತು. ಮಾತಾಡುವಾಗಲೂ ಎಳೆಯುತ್ತಲೇ ಇದ್ದೆನಂತೆ.

ಗುಮಾಸ್ತರು ಹೋದ ಮೇಲೆ ಆ ಹಾಳೆಯ ಮಡಿಕೆ ಮುಗಿಸಿದೆ. ಬೆರಳು ಈಗಲೂ ನೋಯುತ್ತಿದೆ. ಅದಿರಲಿ, ಒಪ್ಪೋಲೆಯಲ್ಲಿ ನಾನು ಹಾಕಿದ್ದು 231, ಐದು ಸಾವಿರ ಪ್ರತಿಗಳಲ್ಲಿ, ನನ್ನ ಹೆಸರಿನ ಮೇಲೆ. ಈಗ ಅದೂ ತಪ್ಪು, ಒಂದು ಕಡಿಮೆ.